ಸುಮ್ಮನಿದ್ದಾಗ ಬರುವ ಚಿತ್ರ

“ಅದನ್ನ ಬಂದ್ ಮಾಡಬ್ಯಾಡ್ರಿ, ಕೆಲಸ ಅರ್ಧಕ್ಕ ಐತಿ” ಎಂದು ಹೇಳಿ ಚಾರುಲತಾ ಒಂದು ಗೃಹಪ್ರವೇಶಕ್ಕೆಂದು ಬುಟಿಬೋರಿಯ ಬಸ್ಸು ಹಿಡಿಯಲು ಹೊರಟುಹೋದ ಮೇಲೆ ಬಿಂದುಮಾಧವನ ಕಿವಿಯಲ್ಲಿ ಬಹಳ ಹೊತ್ತು ಉಳಿದದ್ದು ಆ ಮಾತಿನ ಕೊನೆಯ ಪದ. ಐತಿ. ಧಾರವಾಡದ ಮಾಳಮಡ್ಡಿಯಲ್ಲಿ ಹುಟ್ಟಿ ಬೆಳೆದವಳು, ಮದುವೆಯಾದಂದಿನಿಂದ ‘ಅದ’ ಎಂದೇ ಅಂದವಳು. ನಾಗಪುರಕ್ಕೆ ಬಂದು ಇಷ್ಟು ವರ್ಷ ಮರಾಠಿ ಹಿಂದಿಗಳ ನಡುವೆ ಓಡಾಡಿದರೂ ಮನೆಯೊಳಗಿನ ಆ ಒಂದು ಪದಕ್ಕೆ ಏನೂ ಆಗಿರಲಿಲ್ಲ. ಈಗ ಎಲ್ಲಿಂದ ಬಂತು ಈ ಐತಿ? ಎಲ್ಲಿಂದ ಬಂತೆಂಬುದು ಅವನಿಗೆ ಗೊತ್ತಿತ್ತು. ಅವಳು ಗಣಿತ ಕಲಿಸುವ ಶಾಲೆಯಲ್ಲೇ ಭೌತಶಾಸ್ತ್ರ ಕಲಿಸುವ, ಗದಗಿನ ಕಡೆಯ, ಗುರು ಎಂಬವನ ಬಾಯಿಂದ ಬಂದಿತ್ತು. ಬಂದದ್ದು ಅವಳಿಗೇ ಗೊತ್ತಾಗಿರಲಿಲ್ಲ. ಗೊತ್ತಾಗದೆ ಬಂದಿತೆಂಬುದೇ ಅವನನ್ನು ಹೆಚ್ಚು ಚುಚ್ಚಿತು. ಬೇಕೆಂದು ಅಂದಿದ್ದರೆ ತಮಾಷೆ ಮಾಡಿ ಬಿಟ್ಟುಬಿಡಬಹುದಿತ್ತು. ಭಾನುವಾರದ ಮರಾಠಿ ಪೇಪರನ್ನು ಮೊಣಕಾಲ ಮೇಲೆ ಹರವಿಕೊಂಡು, ಕೂಲರಿನ ಒದ್ದೆ ಹುಲ್ಲಿನ ವಾಸನೆಯಲ್ಲಿ, ಕಿಟಕಿಯಾಚೆ ಅಮರಾವತಿ ರಸ್ತೆಗೆ ತಿರುಗುವ ವಾಡಿಯ ಟ್ರಕ್ಕುಗಳ ಹಾರ್ನು ಕೇಳುತ್ತ ಅವನು ಒಂದೇ ಸುದ್ದಿಯನ್ನು ಮತ್ತೆ ಮತ್ತೆ ಓದಿದ. ಓದಿದ್ದು ಏನೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಅವಳು ಬಂದ್ ಮಾಡಬೇಡಿ ಎಂದದ್ದು ಒಳಗಿನ ಸಣ್ಣ ಖೋಲಿಯಲ್ಲಿದ್ದ ಕಂಪ್ಯೂಟರನ್ನು. ಅದನ್ನು ಕೊಂಡು ತಂದವನು ಅವನೇ. ಸೀತಾಬರ್ಡಿಯ ಅಂಗಡಿಯಿಂದ ಆಟೋದಲ್ಲಿ, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಹಸುಗೂಸನ್ನು ತಂದಹಾಗೆ ತಂದಿದ್ದ. ಆಮೇಲೆ ಅದಕ್ಕೆ ವೈರಸ್ ಹಿಡಿಯಿತು. ಚಾರುಲತಾ ತಯಾರಿಸಿಟ್ಟ ಗಣಿತದ ಪ್ರಶ್ನೆಪತ್ರಿಕೆಗಳು ಒಂದೊಂದಾಗಿ ತೆರೆಯದಾದವು. ಏನಾದರೂ ಮಾಡಿ ಎಂದು ಅವಳು ಮೊದಲು ಕೇಳಿದ್ದು ಅವನನ್ನೇ. ನೋಡೋಣ ಎಂದಿದ್ದ. ಮರುವಾರವೂ ನೋಡೋಣ ಎಂದಿದ್ದ. ನನಗೆ ಬರುವುದಿಲ್ಲ ಎಂಬ ಸಣ್ಣ ಮಾತು ಗಂಟಲಲ್ಲಿ ಕಡಲೆಕಾಯಿ ಸಿಪ್ಪೆಯ ಹಾಗೆ ಅಂಟಿಕೊಂಡು ಮೇಲೆ ಬಂದಿರಲಿಲ್ಲ. ಆಗ ಗುರು ಬಂದ. ಬಟ್ಟೆಯ ಚೀಲದಲ್ಲಿ ಸಿ.ಡಿ.ಗಳನ್ನಿಟ್ಟುಕೊಂಡು ಬಂದು, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಸರ್, ತಮ್ಮ ಪರವಾನಗಿ ಇದ್ದರೆ ವಿಂಡೋಸ್ ತೆಗೆದು ವೈರಸ್ ಹಿಡಿಯದ ಲಿನಕ್ಸ್ ಹಾಕುತ್ತೇನೆ ಎಂದು ನಿಂತುಕೊಂಡೇ ಕೇಳಿದ. ಪರವಾನಗಿ ಕೊಡುವುದು ಬಿಟ್ಟರೆ ಬಿಂದುಮಾಧವನಿಗೆ ಬೇರೆ ಕೆಲಸ ಉಳಿದಿರಲಿಲ್ಲ. ಗುರು ನೋಡಲು ಚೆನ್ನಾಗಿಯೂ ಇರಲಿಲ್ಲ. ಮೂವತ್ತು ದಾಟುವುದರೊಳಗೆ ನೆತ್ತಿ ಬೋಳಾಗಿತ್ತು, ಮೆಸ್ಸಿನ ಊಟದಿಂದ ಹೊಟ್ಟೆ ಹಾಳಾಗಿ ಸದಾ ಮಜ್ಜಿಗೆ ಕೇಳುತ್ತಿದ್ದ. ಅವನು ರೂಪವಂತನಾಗಿದ್ದರೆ ಈ ಸಂಕಟಕ್ಕೆ ಒಂದು ಮರ್ಯಾದೆಯಾದರೂ ಇರುತ್ತಿತ್ತು ಎಂದು ಬಿಂದುಮಾಧವನಿಗೆ ಎಷ್ಟೋ ಸಲ ಅನ್ನಿಸಿತ್ತು. ಒಬ್ಬ ಬೋಳುತಲೆಯ ಮಾಸ್ತರನ ಮೇಲೆ ಹೊಟ್ಟೆಕಿಚ್ಚು ಪಡುವುದೆಂದರೆ, ಅದನ್ನು ತನಗೆ ತಾನೇ ಹೇಳಿಕೊಳ್ಳಲೂ ನಾಚಿಕೆ.

ಹಾಗೆ ನೋಡಿದರೆ ಹೊಟ್ಟೆಕಿಚ್ಚು ಸ್ಪಷ್ಟವಾಗಿ ಎದ್ದು ಕೂತದ್ದು ಹೋದ ತಿಂಗಳು, ಫೋನಿನ ಆ ಸಂಜೆ. ಕಂಪ್ಯೂಟರನ್ನು ಮುಟ್ಟದೆ ಸ್ವಲ್ಪ ಹೊತ್ತು ಬಿಟ್ಟರೆ ಪರದೆಯ ಮೇಲೆ ತಾನಾಗಿ ಚಿತ್ರಗಳು ಬರುತ್ತಿದ್ದವು. ಒಮ್ಮೆ ಬಣ್ಣದ ಗೆರೆಗಳು, ಒಮ್ಮೆ ಈಜುವ ಮೀನು, ಒಮ್ಮೆ ಹಲ್ಲುಹಲ್ಲಿನ ಚಕ್ರಗಳು. ಸ್ಕ್ರೀನ್‌ಸೇವರ್. ಆದರೆ ಕೆಲವು ಸಲ ಚಿತ್ರದ ಬದಲು ಕಪ್ಪು ಪರದೆಯಲ್ಲಿ ಇಂಗ್ಲಿಷಿನ ಒಂದು ಸಾಲು ಮಾತ್ರ ಬರುತ್ತಿತ್ತು, ಇದನ್ನು ತೋರಿಸಲು ಬೇಕಾದದ್ದು ಈ ಯಂತ್ರದಲ್ಲಿ ಸಿಗಲಿಲ್ಲ ಎಂಬರ್ಥದ ಸಾಲು. ಚಾರುಲತಾ ಫೋನನ್ನು ಉದ್ದನೆಯ ತಂತಿ ಸಮೇತ ಆ ಖೋಲಿಗೆ ಎಳೆದುಕೊಂಡು ಹೋಗಿ ಗುರುವಿಗೆ ಹಚ್ಚಿದಳು. ಬಿಂದುಮಾಧವ ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿ ಅವಳ ಕಡೆಯ ಮಾತನ್ನಷ್ಟೇ ಕೇಳಿದ. ಹೂಂ, ಬರಕೊಂಡೆ. ಇಲ್ಲ, ಈಗ ಬೇರೆ ಸಾಲು ಬಂತು. ಓದಲೇನು? ಮೂರು ಆಯಾಮದ ಚಿತ್ರಗಳೆಲ್ಲ ಈ ಕಾರ್ಡಿಗೆ ಆಗುವುದಿಲ್ಲ ಅಂದಂಗಾಯಿತು. ಹಂಗಾದರೆ ಅವನ್ನಷ್ಟೇ ಪಟ್ಟಿಯಿಂದ ತೆಗೆಯಲೇನು? ಆಮೇಲೆ ನಗು. ಇತ್ತ ಕಡೆ ಅವಳ ನಗು, ಅತ್ತ ಕಡೆಯದು ಕೇಳದಿದ್ದರೂ ಅವಳ ನಗು ನಿಂತು ಮತ್ತೆ ಏಳುವ ರೀತಿಯಿಂದ ಅದರ ಅಳತೆ ಸಿಗುತ್ತಿತ್ತು. ಕೆಟ್ಟದ್ದೊಂದನ್ನು ಇಬ್ಬರು ಕೂಡಿ ಸರಿ ಮಾಡುವಾಗ ಹುಟ್ಟುವ ನಗು ಅದು. ಗಂಡಹೆಂಡಿರು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೆಂದು ನೆನಪು ಮಾಡಿಕೊಳ್ಳಲು ಹೋಗಿ, ಇದೇ ಮನೆಯ ನೀರಿನ ಪಂಪನ್ನು ಇಬ್ಬರೂ ಸೇರಿ ಬಿಚ್ಚಿ ಜೋಡಿಸಿದ್ದು ನೆನಪಾಗಿ, ಅವನು ಕಣ್ಣು ಮುಚ್ಚಿಕೊಂಡಿದ್ದ. ಅವಳು ಖೋಲಿಯಿಂದ ಹೊರಬಂದು “ಸರಿಯಾತು ನೋಡ್ರಿ” ಎಂದಾಗ ನಿದ್ದೆ ಬಂದವನ ಹಾಗೆ ಉಸಿರಾಡಿದ.

ಆಫೀಸಿನಲ್ಲಿ ಒಂದು ಕಾಲಕ್ಕೆ ಅವನನ್ನು ಕಂಪ್ಯೂಟರ್ ಸಾಹೇಬ ಎನ್ನುತ್ತಿದ್ದರು. ಕೇಂದ್ರ ಸರ್ಕಾರದ ಆ ಲೆಕ್ಕಪತ್ರದ ಕಚೇರಿಗೆ ಮೊದಲ ಯಂತ್ರ ಬಂದಾಗ ಹೈದರಾಬಾದಿಗೆ ತರಬೇತಿಗೆ ಕಳಿಸಿದ್ದು ಅವನೊಬ್ಬನನ್ನೇ. ತಣ್ಣನೆಯ ಗಾಜಿನ ಖೋಲಿಯಲ್ಲಿ ಅವನು ಕೂತು ಒಂದು ಕಾಲಂ ಕೂಡಿಸಿದರೆ ಸೆಕ್ಷನ್ನಿನವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆ ಖೋಲಿಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಈಗ ಎಲ್ಲರ ಮೇಜಿನ ಮೇಲೂ ಒಂದೊಂದು ಯಂತ್ರ, ಅವನು ಕಲಿತ ಯಾವುದೂ ಯಾವುದರ ಮೇಲೂ ನಡೆಯುವುದಿಲ್ಲ. ಹೋದ ರಾಜ್ಯೋತ್ಸವಕ್ಕೆ ಕನ್ನಡ ಸಂಘದ ಆಮಂತ್ರಣ ಪತ್ರಿಕೆಯನ್ನು ಟೈಪು ಮಾಡುತ್ತೇನೆಂದು ಒಪ್ಪಿಕೊಂಡು, ಒತ್ತಕ್ಷರ ಬಾರದೆ ಇಡೀ ದಿನ ಒದ್ದಾಡಿ, ಕಡೆಗೆ ಅಧ್ಯಕ್ಷರಾದ ನರಹರಿಯವರಿಗೆ ಪ್ರಿಂಟರ್ ಕೆಟ್ಟಿದೆ ಎಂದು ಸುಳ್ಳು ಹೇಳಿದ್ದ. ಅದನ್ನು ಗುರು ಒಂದೇ ಬೈಠಕ್ಕಿನಲ್ಲಿ ಮಾಡಿಕೊಟ್ಟ. ಸಭೆಯಲ್ಲಿ ನರಹರಿಯವರು ಗುರುವಿಗೆ ಸಂತ್ರೆ ಹಣ್ಣಿನ ಬುಟ್ಟಿ ಕೊಟ್ಟಾಗ ಬಿಂದುಮಾಧವನೂ ಚಪ್ಪಾಳೆ ತಟ್ಟಿದ. ಪಕ್ಕದಲ್ಲಿ ಚಾರುಲತಾ ತಟ್ಟುತ್ತಿದ್ದ ಚಪ್ಪಾಳೆ ತನ್ನದಕ್ಕಿಂತ ಜೋರಾಗಿದೆಯೇ ಎಂದು ಕಿವಿಗೊಟ್ಟು ಕೇಳಿಕೊಂಡೇ ತಟ್ಟಿದ.

ಪೇಪರು ಮಡಿಸಿಟ್ಟು ಅವನು ಎದ್ದದ್ದು ನೀರು ಕುಡಿಯಲೆಂದು. ಸಣ್ಣ ಖೋಲಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮೀನೋ ಗೆರೆಯೋ ಇರಬೇಕಾದಲ್ಲಿ ಪರದೆ ಕಪ್ಪಾಗಿತ್ತು, ಅದರ ಮೇಲೆ ಬಿಳಿ ಅಕ್ಷರಗಳು ಸಾಲುಸಾಲಾಗಿ ತುಂಬಿದ್ದವು. ಬಾಗಿಲಿನಲ್ಲೇ ನಿಂತು ಓದಿದ. ಅಂಕಿಗಳು, ಅರ್ಥವಾಗದ ಹೆಸರುಗಳು, ಕೊನೆಗೆ ಯಂತ್ರದ ಮೂಲವೇ ಕುಸಿದುಬಿದ್ದಿದೆ, ಇನ್ನು ಮುಂದೆ ಹೋಗಲಾಗದು ಎಂಬಂಥ ಒಂದು ಸಾಲು. ಪ್ಯಾನಿಕ್ ಎಂಬ ಪದವಂತೂ ಸ್ಪಷ್ಟವಾಗಿತ್ತು. ಎದೆಯೊಳಗೆ ಏನೋ ಸಡಿಲವಾಯಿತು. ಕೂಲರಿನ ಗಾಳಿಗೆ ಬೆವರು ಆರುವಂಥ ಸುಖ. ಗುರು ಸರಿ ಮಾಡಿದ್ದು ಕೆಟ್ಟಿತ್ತು. ಅಷ್ಟು ನಕ್ಕು, ಅಷ್ಟು ಹೊತ್ತು ಮಾತಾಡಿ ಸರಿ ಮಾಡಿದ್ದು ಒಂದು ತಿಂಗಳೂ ಬಾಳಲಿಲ್ಲ. ಅವಳು ಸಂಜೆ ಬಂದು ನೋಡುತ್ತಾಳೆ, ಮುಖ ಸಣ್ಣದು ಮಾಡುತ್ತಾಳೆ, ಆಗ ತಾನು, ಹೋಗಲಿ ಬಿಡು, ಅವನಾದರೂ ಎಷ್ಟು ಬಲ್ಲ, ಎಂದು ಉದಾರವಾಗಿ ಹೇಳಬೇಕು. ಹೇಳುವ ಧ್ವನಿಯನ್ನೂ ಅವನು ಮನಸ್ಸಿನಲ್ಲೇ ಹೊಂದಿಸಿಕೊಂಡ. ಅಷ್ಟರ ಮೇಲೆ ಅವಳ ಕೆಲಸದ ನೆನಪಾಯಿತು. ಹತ್ತನೆಯ ಇಯತ್ತೆಯ ಹುಡುಗಿಯರಿಗೆಂದು, ರೇಖಾಗಣಿತವೆಂದರೆ ಅಳುವವರಿಗೆಂದು, ದಿವಾಳಿ ರಜೆಯಿಂದ ಅವಳು ಬರೆಯುತ್ತಿದ್ದ ಅಭ್ಯಾಸದ ಪುಸ್ತಕ ಅದರೊಳಗಿತ್ತು. ಒಂದೊಂದು ಆಕೃತಿಗೂ ಒಂದೊಂದು ಸಂಜೆ ಕೊಟ್ಟಿದ್ದಳು. ಹೆದರಿಕೆಯಾಯಿತು. ಆದರೆ ಆ ಸುಖ ಹೋಗಲಿಲ್ಲ. ಎರಡೂ ಒಟ್ಟಿಗೆ ನಿಂತವು.

ಯಂತ್ರ ಹೀಗೆ ಸತ್ತರೆ ಬಂದ್ ಮಾಡಿ ಹಚ್ಚುವುದೊಂದೇ ದಾರಿ ಎಂದು ಹೈದರಾಬಾದಿನಲ್ಲಿ ಹೇಳಿಕೊಟ್ಟಿದ್ದರು. ಕೀಲಿಮಣೆಯನ್ನಾಗಲಿ ಮೌಸನ್ನಾಗಲಿ ಅವನು ಮುಟ್ಟಲಿಲ್ಲ, ಅವು ಅವಳವು ಎಂಬ ಹಟ. ಗೋಡೆಯ ಸ್ವಿಚ್ಚನ್ನೇ ಆರಿಸಿದ. ಹಚ್ಚಿದ. ಯಂತ್ರ ಎದ್ದು, ಡಿಸ್ಕನ್ನು ತಪಾಸಿಸುತ್ತಿದ್ದೇನೆ, ತಡೆಯಬೇಡಿ ಎಂದು ಹೇಳಿತು. ಒಂದು ಗೆರೆ ನಿಧಾನವಾಗಿ ಬಲಕ್ಕೆ ಬೆಳೆಯತೊಡಗಿತು. ಅವನು ಕುರ್ಚಿಯ ಹಿಂದೆ ನಿಂತು ನೋಡಿದ. ಗೆರೆ ಅರ್ಧ ದಾಟಿತು. ತಾನಾಗಿ ಸರಿಹೋಗುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಎಲ್ಲವೂ ಮೊದಲಿನ ಹಾಗೆ ಆಗಿಬಿಡುತ್ತದೆ, ಗುರು ಅವರು ಹಾಕಿಕೊಟ್ಟದ್ದು ಎಷ್ಟು ಗಟ್ಟಿ ನೋಡ್ರಿ ಎಂದು ಅವಳು ಅನ್ನುತ್ತಾಳೆ, ತಾನು ಹೂಂ ಎನ್ನಬೇಕಾಗುತ್ತದೆ. ಅವನ ಕೈ ಗೋಡೆಗೆ ಹೋಯಿತು. ಕೈ ತಾನೇ ಹೋಯಿತೆಂದು ಆಮೇಲೆ ಅವನು ತನಗೇ ಹೇಳಿಕೊಳ್ಳಲು ನೋಡಿದ, ಆದರೆ ಬೆರಳು ಸ್ವಿಚ್ಚಿನ ಮೇಲೆ ಕೂತು ಒಂದು ಗಳಿಗೆ ಕಾದದ್ದು, ಗೆರೆ ಇನ್ನಷ್ಟು ಮುಂದೆ ಹೋಗಲೆಂದು ಕಾದದ್ದು, ಅವನಿಗೆ ಚೆನ್ನಾಗಿ ಗೊತ್ತಿತ್ತು. ಆರಿಸಿದ. ಮತ್ತೆ ಹಚ್ಚಿ, ಮತ್ತೆ ಆರಿಸಿದ. ಕಡೆಗೆ ಹಚ್ಚಿದಾಗ ಗೆರೆ ಬರಲಿಲ್ಲ. ಕಡತಗಳ ವ್ಯವಸ್ಥೆ ಹಾಳಾಗಿದೆ, ಕೈಯಿಂದಲೇ ಸರಿಪಡಿಸಬೇಕು, ಪಾಸ್‌ವರ್ಡ್ ಕೊಡಿ ಎಂದು ಬರೆದು, ಅದರ ಕೆಳಗೆ ಸಣ್ಣ ಗೆರೆಯೊಂದು ಮಿಣುಕುತ್ತ ನಿಂತಿತು. ಈಗ ನಿಜವಾಗಿ ಹೆದರಿದ.

ಫೋನು ಹಚ್ಚಿದಾಗ ಗುರು ಊಟದ ಮುಂದಿದ್ದ. ಕೈ ತೊಳೆದು, ರಣಬಿಸಿಲಿನಲ್ಲಿ ತಲೆಗೆ ಟವೆಲು ಸುತ್ತಿಕೊಂಡು ಸೈಕಲ್ಲಿನಲ್ಲಿ ಬಂದ. ಬಿಂದುಮಾಧವ ನೀರು ಕೊಟ್ಟ, ಮಜ್ಜಿಗೆ ಮಾಡಿಕೊಟ್ಟ. ತನ್ನ ಹೆಂಡತಿ ಇದೇ ಲೋಟದಲ್ಲಿ ಕೊಡುತ್ತಾಳೇನೋ ಎಂದು ಅನುಮಾನವಾಗಿ ಬೇರೆ ಲೋಟ ಹುಡುಕಿ ಕೊಟ್ಟ. ಗುರು ಪರದೆಯನ್ನು ಓದಿದ. ಮೊದಲಿಗೆ ಏನು ಕಾಣಿಸಿತೆಂದು ಕೇಳಿದ. ಬಿಂದುಮಾಧವ ಹೇಳುತ್ತಿದ್ದ ಹಾಗೆ ಗುರುವಿನ ಮುಖದಲ್ಲಿ ನಗು ಮೂಡಿ, ಮೂಡಿದ್ದನ್ನು ಅವನೇ ಒರೆಸಿಕೊಂಡ.

“ಅದು ಕೆಟ್ಟಿದ್ದಲ್ಲ ಸರ್. ಅದೂ ಒಂದು ಚಿತ್ರ. ಮೀನಿನಂಗ, ಚಕ್ರದಂಗ, ಬ್ಯಾರೆ ಬ್ಯಾರೆ ಕಂಪ್ಯೂಟರ್ ಸತ್ತಾಗ ಹ್ಯಾಂಗ ಕಾಣತೈತಿ ಅಂತ ತೋರಸೂ ಒಂದು ಸ್ಕ್ರೀನ್‌ಸೇವರ್ ಐತಿ. ಮಾಡಿದವರು ಚ್ಯಾಷ್ಟಿಗೆ ಮಾಡ್ಯಾರ. ಮೌಸ್ ಅಲುಗಾಡಿಸಿದ್ರ ಹೋಗಿಬಿಡತಿತ್ತು.”

ಅವನು ಅವಮಾನಿಸಲು ಹೇಳಿರಲಿಲ್ಲ. ಅದೇ ಕಷ್ಟ. ಬಿಂದುಮಾಧವನಿಗೆ ಕಿವಿಯ ತುದಿ ಬಿಸಿಯಾಯಿತು. ಒಂದು ಚಿತ್ರ. ಯಾವುದೋ ದೇಶದಲ್ಲಿ ಯಾರೋ ಕೂತು ತಮಾಷೆಗೆ ಬರೆದ ಒಂದು ಸುಳ್ಳು ಸಾವು, ಅದರ ಮುಂದೆ ನಿಂತು ತಾನು ಪಟ್ಟ ಅಷ್ಟು ಸುಖ. ಗುರು ಪರದೆಯ ಕಡೆಗೇ ನೋಡುತ್ತ, ಬಹಳ ಮೆತ್ತಗೆ, ನಡುವೆ ಬಂದ್ ಏನಾದರೂ ಆಯಿತೇ ಸರ್ ಎಂದು ಕೇಳಿದ. ಬಿಂದುಮಾಧವ, ಕರೆಂಟು ಹೋಗಿ ಬಂದು ಮಾಡಿತು ಎಂದ. ಎಷ್ಟು ಸಲ ಎಂದು ಗುರು ಕೇಳಲಿಲ್ಲ. ಒಂದು ಸಲದ್ದಲ್ಲ ಇದು ಎಂದು ಅವನಿಗೆ ತಿಳಿಯಿತೆಂಬುದು ಅವನು ಕೇಳದೇ ಇದ್ದುದರಿಂದಲೇ ಗೊತ್ತಾಯಿತು. ಮತ್ತೆ ಸರಿ ಮಾಡು, ಅವಳು ಬರುವುದರೊಳಗೆ ಜಲ್ದಿ ಸರಿ ಮಾಡು ಎಂದು ಬಿಂದುಮಾಧವ ಅವಸರಿಸಿದ. ಪಾಸ್‌ವರ್ಡ್ ಹಾಕು ಎಂದ.

“ನನಗ ಗೊತ್ತಿಲ್ರಿ ಸರ್. ಅದು ಮೇಡಂ ಅವರದು. ಅವತ್ತ ಅವರ ಕೈಲೇ ಹಾಕಿಸಿ, ನಾ ಹೊರಗ ಹೋಗಿದ್ದೆ.” ಸ್ವಲ್ಪ ತಡೆದು, “ನಿಮಗ ಗೊತ್ತಿರಬೇಕಲ್ಲ?” ಎಂದ.

ಗೊತ್ತಿಲ್ಲವೆಂದು ಬಿಂದುಮಾಧವ ತಲೆಯಲ್ಲಾಡಿಸಿದ. ಅವಳ ಪಾಸ್‌ವರ್ಡ್ ಈ ಮನುಷ್ಯನಿಗೆ ಗೊತ್ತಿದೆ, ತನಗೆ ಗೊತ್ತಿಲ್ಲ ಎಂದುಕೊಂಡು ಇಷ್ಟು ದಿನ ಉರಿದದ್ದು ಯಾವುದಕ್ಕೆ? ಅವಳು ಇಬ್ಬರಿಗೂ ಹೇಳಿರಲಿಲ್ಲ. ಸಮಾಧಾನವಾಗಬೇಕಿತ್ತು. ಬದಲಿಗೆ ಇನ್ನೊಂದು ಬಗೆಯ ಉರಿ ಹತ್ತಿತು, ಮುಖವಿಲ್ಲದ್ದು, ಯಾರ ಮೇಲೆ ಹಾಕಬೇಕೆಂದು ತಿಳಿಯದ್ದು. ತನಗಾಗಲಿ ಗುರುವಿಗಾಗಲಿ ಬಾಗಿಲಿಲ್ಲದ ಒಂದು ಕಡೆ ಅವಳು ಒಬ್ಬಳೇ ಹೋಗಿ ಕೂರುತ್ತಿದ್ದಳು, ದಿನಾ ಸಂಜೆ, ಈ ಮನೆಯಲ್ಲೇ. ಇಬ್ಬರೂ ಗಂಡಸರು ಆ ಮಿಣುಕುವ ಗೆರೆಯ ಮುಂದೆ, ಬಸ್ ಸ್ಟ್ಯಾಂಡಿನಲ್ಲಿ ಕೂತವರ ಹಾಗೆ ಕೂತರು.

ಅವಳು ಬಂದಾಗ ಹೊತ್ತು ಇಳಿದಿತ್ತು. ಗೃಹಪ್ರವೇಶದ ಕುಂಕುಮ ಹಣೆಯಲ್ಲಿ ಬೆವರಿಗೆ ಹರಡಿತ್ತು. ಗುರುವಿನ ಚಪ್ಪಲಿ ಕಂಡು ಏನಾಯಿತೆಂದು ಕೇಳುತ್ತಲೇ ಒಳಬಂದಳು. ಬಿಂದುಮಾಧವ ಬಾಯಿ ತೆರೆಯುವ ಮೊದಲೇ ಗುರು ಹೇಳಿದ: “ಕರೆಂಟ್ ಹೋಗಿ ಬಂದು ಮಾಡಿತಂತ್ರಿ ಮೇಡಂ. ಸರ್ ನೋಡಿ ಫೋನ್ ಮಾಡಿದ್ರು, ಚಲೋ ಆತು.” ಹೇಳುವಾಗ ಅವನು ನೆಲ ನೋಡುತ್ತಿದ್ದ. ಚಾರುಲತಾ ಇಬ್ಬರನ್ನೂ ಒಂದೊಂದು ಸಲ ನೋಡಿ, ಕುರ್ಚಿ ಎಳೆದುಕೊಂಡು ಕೂತಳು. ಗುರು ಕಿಟಕಿಯ ಕಡೆಗೆ ತಿರುಗಿಕೊಂಡ. ಬಿಂದುಮಾಧವ ತಿರುಗಲಿಲ್ಲ. ಅವಳ ಬೆರಳುಗಳನ್ನೇ ನೋಡಿದ. ಅವು ತಡೆಯದೆ, ಕಣ್ಣು ಕೆಳಗೆ ಬೀಳದೆ, ಹೂ ಕಟ್ಟುವಷ್ಟು ಸಹಜವಾಗಿ ಓಡಿದವು, ಒಂದು ಅಕ್ಷರವೂ ಅವನ ಕೈಗೆ ಸಿಗಲಿಲ್ಲ. ಯಂತ್ರ ಪ್ರಶ್ನೆ ಕೇಳತೊಡಗಿತು. ಇದು ಮುರಿದಿದೆ, ಜೋಡಿಸಲೇ? ಜೋಡಿಸು. ಇದು ಯಾರದೆಂದು ತಿಳಿಯದು, ಇಟ್ಟುಕೊಳ್ಳಲೇ? ಇಟ್ಟುಕೋ. ಗುರು ಏನೂ ಹೇಳಿಕೊಡಲಿಲ್ಲ, ಹೇಳಿಕೊಡುವುದೇನೂ ಇರಲಿಲ್ಲ. ಅವಳೇ ಒಂದೊಂದಕ್ಕೂ ಹೂಂ ಹೂಂ ಎಂದು ಕೀಲಿ ಒತ್ತುತ್ತ ಹೋದಳು. ಕಡೆಗೆ ಪರದೆ ಬಂತು. ಅವಳ ಪುಸ್ತಕದ ಆಕೃತಿಗಳೂ ಬಂದವು, ಆದರೆ ಹೆಸರು ಕಳೆದುಕೊಂಡು, ಬರೀ ನಂಬರುಗಳಾಗಿ, ಒಂದು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಯಾವುದು ಯಾವ ಪಾಠದ್ದೆಂದು ಒಂದೊಂದನ್ನೇ ತೆರೆದು ನೋಡಿ ಮತ್ತೆ ಹೆಸರಿಡಬೇಕು. ಕೆಲವು ತೆರೆಯಲೇ ಇಲ್ಲ.

ಗುರು ಹೊರಟ. ಅವಳು ಗೇಟಿನವರೆಗೆ ಇಳಿದು ಹೋದಳು. ಬಿಂದುಮಾಧವ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುವವನ ಹಾಗೆ ನಿಂತ. ಕೆಳಗೆ ಗುರು ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟುಕೊಂಡು ತಲೆ ಬಗ್ಗಿಸಿದ್ದ. ಅವಳು ಏನೋ ಕೇಳುತ್ತಿದ್ದಳು, ಅವನು ಟವೆಲಿನ ಅಂಚನ್ನು ತಿರುಚುತ್ತಿದ್ದ. ಮಾತು ಮೇಲೆ ಬರಲಿಲ್ಲ, ಒಂದು ಟ್ರಕ್ಕು ಹಾರ್ನು ಹೊಡೆಯುತ್ತ ಹೋಯಿತು. ಆಮೇಲೆ ಗುರು ಹೋದ ಮೇಲೂ ಅವಳು ಮೇಲೆ ಬರಲಿಲ್ಲ. ಕೆಳಮನೆಯ ಗಂಗೂಬಾಯಿಯ ಜೊತೆ ಮರಾಠಿಯಲ್ಲಿ ಏನೋ ಆಡಿದ್ದು ಕೇಳಿಸಿತು. ಹಸಿ ಇದ್ದ ಒಂದು ಸೀರೆಯನ್ನೂ ಅವನು ತಂತಿಯಿಂದ ಎಳೆದು ಕೈಯಲ್ಲಿ ಹಿಡಿದುಕೊಂಡಿದ್ದ.

ಅವಳು ಬಂದು ಆ ಸೀರೆಯನ್ನು ಅವನ ಕೈಯಿಂದ ತೆಗೆದುಕೊಂಡು ಮತ್ತೆ ತಂತಿಗೆ ಹಾಕಿದಳು. ಒಳಗೆ ಹೋಗಿ ಕೂತು, ಇನ್ನೊಂದು ಕುರ್ಚಿ ಎಳೆದಿಟ್ಟು, ಬರ್ರಿ ಎಂದಳು. ನಾನು ತೆರೆಯುತ್ತೇನೆ, ಬಂದದ್ದು ಏನೆಂದು ನೀವು ಹೇಳಿ, ನಾನು ಹೆಸರು ಹಾಕುತ್ತೇನೆ ಎಂದಳು. ಅವನು ಹೋಗಿ ಪಕ್ಕದಲ್ಲಿ ಕೂತ. ಹೂವಿನ ಮಾಲೆ ಮುಡಿದಿದ್ದಳು, ಅದರ ವಾಸನೆ ಬಸ್ಸಿನ ಧೂಳಿನ ಜೊತೆ ಬೆರೆತಿತ್ತು. ವೃತ್ತ ಎಂದ. ಅವಳು ಬರೆದಳು. ಚೌಕ, ಒಳಗೆ ಇನ್ನೊಂದು ಚೌಕ ಎಂದ. ಒಂದೊಂದು ತೆರೆದುಕೊಳ್ಳುವಾಗಲೂ ಅವನ ಕಣ್ಣು ಬೇರೆ ಏನನ್ನೋ ಹುಡುಕುತ್ತಿತ್ತು, ಆಕೃತಿಯಲ್ಲದ್ದನ್ನು, ಗುರುವಿನ ಹೆಸರಿರುವ ಒಂದು ಸಾಲನ್ನು. ಬರೀ ಆಕೃತಿಗಳೇ ಬಂದವು. ಬಹಳ ಚೆಂದದ ಆಕೃತಿಗಳು. ಒಂದೂ ಸಿಗದೇ ಹೋದದ್ದಕ್ಕೆ ತನಗಾದದ್ದು ಸಮಾಧಾನವಲ್ಲ ಎಂದು ತಿಳಿದು ಅವನಿಗೆ ಮೈ ಜುಮ್ಮೆಂದಿತು.

ಪರದೆಯಿಂದ ಕಣ್ಣು ತೆಗೆಯದೆ ಅವಳು ಹೇಳಿದಳು: “ಕರೆಂಟ್ ಹೋಗಿದ್ದಿಲ್ಲ. ಗಂಗೂಬಾಯಿ ಮುಂಜಾನಿಂದ ಟೀವಿ ಮುಂದ ಕೂತಾರ.”

ಅವನು ಪರದೆಯ ಮೇಲಿದ್ದ ಆಕೃತಿಯ ಮೂಲೆಗಳನ್ನು ಎಣಿಸಿದ.

“ನೀವು ಯಾಕ ಮಾಡಿದ್ರಿ ಅಂತ ನಾ ಕೇಳೂದಿಲ್ಲ” ಎಂದಳು. ಧ್ವನಿ ಏರಲಿಲ್ಲ, ತರಗತಿಯಲ್ಲಿ ತಪ್ಪು ಉತ್ತರ ಒರೆಸುವಾಗಿನ ಧ್ವನಿ ಅದು. “ಆದ್ರ ಎರಡು ವರ್ಷದಾಗ ಅಂವ ನನ್ನ ಮುಂದ ಒಂದು ಸುಳ್ಳು ಹೇಳಿದ್ದಿಲ್ಲ. ಇವತ್ತ ಹೇಳಿದ. ನಿಮ್ಮ ಸಲುವಾಗಿ ಹೇಳಿದ.”

ನಾಚಿಕೆಯಾಗಬೇಕಾದ ಹೊತ್ತು. ನಾಚಿಕೆ ಬರುವ ದಾರಿಯಲ್ಲಿತ್ತು ಕೂಡ. ಆದರೆ ಅದಕ್ಕಿಂತ ಮೊದಲೇ ಬಿಂದುಮಾಧವನ ಕಿವಿ ಆ ಮಾತಿನೊಳಗಿನ ಒಂದು ಸಣ್ಣ ಜಾಗವನ್ನು ಹಿಡಿದುಬಿಟ್ಟಿತ್ತು. ಹೇಳಿದ. ಹೇಳಿದ್ರು ಎನ್ನಲಿಲ್ಲ. ಗುರುವನ್ನು ಅವಳು ಯಾವತ್ತೂ ಬಹುವಚನ ಬಿಟ್ಟು ಕರೆದವಳಲ್ಲ, ವಯಸ್ಸಿನಲ್ಲಿ ಸಣ್ಣವನಾದರೂ ಅವರು, ಬಂದರು, ಹೋದರು ಎಂದೇ ಅನ್ನುತ್ತಿದ್ದಳು. ಇವತ್ತು ಅಂವ ಎಂದಳು. ಅವನೊಳಗೆ ಸಿಹಿಯಾದದ್ದೊಂದು ಎದ್ದಿತು: ಗುರು ಒಂದು ಮೆಟ್ಟಿಲು ಇಳಿದಿದ್ದಾನೆ, ಅವಳ ಕಣ್ಣಿನಲ್ಲಿ ಇಳಿದಿದ್ದಾನೆ, ತಾನು ಕೆಡಿಸಬೇಕೆಂದು ಹೊರಟದ್ದು ಕಡೆಗೂ ಕೆಟ್ಟಿದೆ. ಅದು ಮುಖದ ಮೇಲೆ ಬಂದಿತೇನೋ, ಅವಳು ತಟ್ಟನೆ ತಿರುಗಿ ನೋಡಿದಳು, ನೋಡಿ, ಮತ್ತೆ ಪರದೆಗೆ ತಿರುಗಿದಳು. ಅವಳು ಹಾಗೆ ತಿರುಗಿದ ಮೇಲೆ ಆ ಸಿಹಿ ಬಾಯಲ್ಲೇ ಬೇರೆಯಾಗತೊಡಗಿತು. ಬಹುವಚನ ಬಿಡುವುದು ಸಿಟ್ಟಿಗೆ ಮಾತ್ರವೇ? ತಾನಾದರೋ ಮದುವೆಯಾದಂದಿನಿಂದ ಅವಳಿಗೆ ನೀವು, ಬರ್ರಿ, ಮಾಡಿದ್ರಿ. ಇಷ್ಟು ವರ್ಷದಲ್ಲಿ ಒಂದು ದಿನವೂ, ಯಾವ ಸಿಟ್ಟಿನಲ್ಲೂ, ಯಾವ ಕತ್ತಲೆಯಲ್ಲೂ, ಅವಳ ಬಾಯಲ್ಲಿ ತಾನು ಏಕವಚನವಾಗಿರಲಿಲ್ಲ.

“ಕೆಳಗ ಏನಂದ ಅಂವ?” ಎಂದು ಕೇಳಿದ. ಕೇಳಬಾರದೆಂದು ಗೊತ್ತಿದ್ದೇ ಕೇಳಿದ.

ಅವಳು ಮುಂದಿನ ನಂಬರನ್ನು ಒತ್ತಿದಳು. ಆಕೃತಿಯೊಂದು ನಿಧಾನವಾಗಿ ಮೇಲಿನಿಂದ ಕೆಳಕ್ಕೆ ಮೂಡತೊಡಗಿತು. ಕೀಲಿಗಳ ಮೇಲೆ ಬೆರಳಿಟ್ಟುಕೊಂಡು, ಇದು ಏನೆಂದು ಅವನು ಹೇಳುವುದನ್ನೇ ಕಾಯುತ್ತ ಕೂತಳು.